ಹಿಂದಿನ ಹಲಗೆ

ಕೆಂಪಸಿದ್ದಯ್ಯನ ಹೆಣವನ್ನು ಲಾರಿಯಲ್ಲಿ ತರಲಿಲ್ಲ.

ಲಾರಿಯಲ್ಲಿ ಅಕ್ಕಿ ಮೂಟೆಗಳಿದ್ದವು. ಊರಿನ ದೊಡ್ಡ ಮನೆಗಳವರು ಉಣ್ಣುವ ಅಕ್ಕಿ. ಅದರ ಪಕ್ಕದಲ್ಲಿ ಹೊಲೆಯನ ಹೆಣ ಮಲಗಿಸುವ ಮಾತೇ ಇಲ್ಲ. ದಾರಿಯಲ್ಲಿ ಹೋಗುತ್ತಿದ್ದ ಗೊಬ್ಬರದ ಗಾಡಿಯೊಂದನ್ನು ತಡೆದು, ಅದರಲ್ಲಿ ಹಾಕಿ, ಮೇಲೆ ಗೋಣಿತಾಟು ಹೊದಿಸಿ ಕಳಿಸಿದರು. ಗಾಡಿಯವನು ಕೇರಿಯ ಬಾಯಲ್ಲಿ ಹೆಣ ಇಳಿಸಿ, ಗೋಣಿತಾಟು ವಾಪಸ್ ಕೇಳಿದ.

ಅವತ್ತು ಕೆಂಪಸಿದ್ದಯ್ಯನ ಹೆಂಡತಿ ಬೆಳ್ಳಮ್ಮ ಕೆಲಸಕ್ಕೆ ಹೋಗಿರಲಿಲ್ಲ. ಹಿಂದಿನ ದಿನ ಕಬ್ಬಿನ ಕೂಳೆ ಅಂಗಾಲಿಗೆ ಚುಚ್ಚಿ ಕಾಲು ಊದಿತ್ತು. ಕುಂಟಿಕೊಂಡು ಓಡಿ ಬಂದಳು. ಗಾಡಿಯ ಹಿಂದೆ ನಡೆದುಕೊಂಡು ಬಂದಿದ್ದ ಮೈದುನ ದೇವಯ್ಯ ಅವಳ ಮುಖ ನೋಡಲಿಲ್ಲ.

"ಬಿದ್ಬುಟ್ಟ ಅತ್ಗೆ. ದಿಬ್ಬದ ಏರ್ನಾಗೆ ಹಲಗೆ ಮ್ಯಾಲಿಂದ ಬಿದ್ಬುಟ್ಟ" ಎಂದ. ಅಷ್ಟೇ.

ಹೆಣಕ್ಕೆ ನೀರು ಹಾಕುವಾಗ ಬೆಳ್ಳಮ್ಮ ಅಂಗಿ ಬಿಚ್ಚಿದಳು. ಅಂಗಿ ಬರಲಿಲ್ಲ. ಬೆನ್ನಿಗೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಿದಳು. ಬೆನ್ನಿನ ತುಂಬ ಚರ್ಮವೇ ಇರಲಿಲ್ಲ. ಭುಜದಿಂದ ಹಿಮ್ಮಡಿಯವರೆಗೆ ಸುಲಿದು ಹೋಗಿತ್ತು. ಮಾಂಸದೊಳಗೆ ರಸ್ತೆಯ ಜಲ್ಲಿಪುಡಿ ಕೂತಿತ್ತು. ಹಣೆಯ ಒಂದು ಪಕ್ಕ ಒಡೆದಿತ್ತು. ಸೊಂಟದ ಸುತ್ತ ಕಪ್ಪಗೆ ಒಂದು ಪಟ್ಟೆ. ಹಗ್ಗ ಬಿಗಿದ ಗುರುತು.

ಬೆಳ್ಳಮ್ಮ ಆ ಪಟ್ಟೆಯ ಮೇಲೆ ಬೆರಳಾಡಿಸಿದಳು. ಅಳು ಅಲ್ಲೇ ನಿಂತುಹೋಯಿತು. ಬಿದ್ದವನ ತಲೆ ಒಡೆಯಬಹುದು. ಕೈ ಮುರಿಯಬಹುದು. ಬೆನ್ನೆಲ್ಲ ಯಾಕೆ ಸುಲಿಯುತ್ತದೆ?

ಅವಳು ತಲೆಯೆತ್ತಿ ಸುತ್ತ ನಿಂತವರನ್ನು ನೋಡಿದಳು. ಗಂಡನ ಜೊತೆ ಹಲಗೆಯ ಮೇಲೆ ಕೂತು ಬಂದವರು ಅಲ್ಲೇ ಇದ್ದರು. ಪಕ್ಕದ ಗುಡಿಸಲಿನ ಪಟ್ಟಲಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದಳು. ಬೆಳ್ಳಮ್ಮ ನೋಡಿದ ಕೂಡಲೇ ಅವಳು ತಿರುಗಿ ಹೊರಟುಹೋದಳು.

*

ಅದು ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬೆಸಗರಹಳ್ಳಿ ಸುತ್ತಿನ ಊರುಗಳ ಕಬ್ಬನ್ನು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಸಾಗಿಸಲು ಎತ್ತಿನ ಗಾಡಿಗಳಿದ್ದವು. ಗಾಡಿ ಸಾಲದ ಕಡೆ ಚಲುವರಾಜುವಿನ ಲಾರಿ ಇತ್ತು. ಚಲುವರಾಜು ಊರಿನ ಪಟೇಲರ ಮನೆಯವನು. ಯಾವುದೋ ಹಳೆಯ ಕಾರನ್ನು ಕೊಂಡು, ಅದರ ಹಿಂಭಾಗ ಕಡಿಸಿ, ಮರದ ಬಾಡಿ ಕಟ್ಟಿಸಿ ಸಣ್ಣ ಲಾರಿ ಮಾಡಿಕೊಂಡಿದ್ದ. ಬಾಡಿಯ ಪಕ್ಕದಲ್ಲಿ ಇದ್ದಿಲು ಗ್ಯಾಸಿನ ದೊಡ್ಡ ಡ್ರಮ್ಮು. ಅದಕ್ಕೆ ಇದ್ದಿಲು ತುಂಬಿ, ಬೆಂಕಿ ಹಾಕಿ, ಗಾಳಿಚಕ್ರ ತಿರುಗಿಸಿ ತಿರುಗಿಸಿ ರಟ್ಟೆ ಬಿದ್ದುಹೋದ ಮೇಲೆ ಇಂಜಿನ್ನು ಉಸಿರಾಡುತ್ತಿತ್ತು. ಒಮ್ಮೆ ನಿಂತಿತೆಂದರೆ ಮತ್ತೆ ಅದೇ ಪಾಡು. ಏರಿನಲ್ಲಿ ನಿಂತರಂತೂ ಕೇಳುವುದೇ ಬೇಡ.

ಮುಂದುಗಡೆ ಸ್ಪ್ರಿಂಗಿನ ಸೀಟು. ಮೇಲೆ ಚರ್ಮ. ಅದರಲ್ಲಿ ಡ್ರೈವರ್ ಸಣ್ಣಯ್ಯ ಮತ್ತು ಚಲುವರಾಜು. ಇಬ್ಬರ ತಲೆಯ ಹಿಂದೆ ಒಂದು ಕಿಂಡಿ. ಅದರ ಗಾಜು ಎಂದೋ ಒಡೆದು, ತಂತಿ ಬಲೆ ಮಾತ್ರ ಉಳಿದಿತ್ತು.

ಕೇರಿಯವರಿಗೆ ಬೇರೆ ಸೀಟು. ಬಾಡಿಯ ಹಿಂಬಾಗಿಲ ಆಚೆ, ಎರಡು ಕಬ್ಬಿಣದ ತೋಳುಗಳ ಮೇಲೆ ಬೋಲ್ಟು ಹಾಕಿ ನಿಲ್ಲಿಸಿದ ಒಂದು ಮರದ ಹಲಗೆ. ಕಾಲುಗಳು ರಸ್ತೆಯ ಮೇಲೆ ತೂಗಾಡುತ್ತಿದ್ದವು. ಧೂಳೆಲ್ಲ ಬಾಯಿಗೆ.

ಕಬ್ಬು ಕಡಿಯುವವರು ಇವರು. ಕಬ್ಬಿನ ಗರಿ ಕುಯ್ದು ಕುಯ್ದು ಇವರ ಮೊಣಕೈ ಮುಖ ಎಲ್ಲ ಗೀರು. ಹೊರೆ ಹೊತ್ತು ಹೊತ್ತು ಕತ್ತು ಕುಸಿದಿತ್ತು. ಲಾರಿಗೆ ತುಂಬುವವರು ಇವರು, ಮಂಡ್ಯದಲ್ಲಿ ಇಳಿಸುವವರೂ ಇವರೇ. ಆಗ ಮೈಲಿಗೆಯಿಲ್ಲ. ವಾಪಸ್ ಬರುವಾಗ ಚಲುವರಾಜು ಬಾಡಿಯಲ್ಲಿ ಅಕ್ಕಿ, ಉಪ್ಪು, ಸೀಮೆಎಣ್ಣೆ ತುಂಬಿಸಿಕೊಂಡು ಬರುತ್ತಿದ್ದ. ಅದರ ಪಕ್ಕ ಕೂತರೆ ಮೈಲಿಗೆ. ಆದ್ದರಿಂದ ಹಲಗೆ. ಊರಿನವರು ಅದಕ್ಕೆ 'ಹೊಲೇರ ಹಲಗೆ' ಎಂದೇ ಹೆಸರಿಟ್ಟಿದ್ದರು.

ಬಲಗಡೆಯ ಕಬ್ಬಿಣದ ತೋಳು ಬಿರುಕು ಬಿಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಕೂತಾಗ ಹಲಗೆ ಆ ಕಡೆಗೆ ವಾಲುತ್ತಿತ್ತು. ಕುಂಡೆಯ ಕೆಳಗೆ ಕಿರ್ ಎನ್ನುತ್ತಿತ್ತು. ಬೆಳ್ಳಮ್ಮನೇ ಒಂದು ಸಲ ಸಣ್ಣಯ್ಯನಿಗೆ ಹೇಳಿದ್ದಳು. ಅವನು ತಂತಿ ಸುತ್ತಿ, ಮೇಲೆ ಟಾರು ಬಳಿದ. ಟಾರು ಬಳಿದ ಮೇಲೆ ಬಿರುಕು ಕಾಣಲಿಲ್ಲ. ಆದರೆ ಕಿರ್ ಎನ್ನುವುದು ನಿಲ್ಲಲಿಲ್ಲ. ಕೆಂಪಸಿದ್ದಯ್ಯ ಚಲುವರಾಜುವಿಗೇ ಹೇಳಿದ. ಮಾರನೆಯ ದಿನ ಚಲುವರಾಜು ಒಂದು ಹಗ್ಗ ತಂದು, ಒಂದು ತುದಿಯನ್ನು ಲಾರಿಯ ಹಿಂದಿನ ಕೊಂಡಿಗೆ ಕಟ್ಟಿಸಿ, ಇನ್ನೊಂದು ತುದಿಯನ್ನು ಎಸೆದ.

"ಸೊಂಟಕ್ಕೆ ಕಟ್ಕೊಳ್ರೋ. ಕೊನೇಲಿ ಕುಂತ್ಕೊಳೋನು ಕಟ್ಕೊಂಡ್ರೆ ಬೀಳಾಕಿಲ್ಲ."

ವಾಲಿದ ಕಡೆಯ ಕೊನೆಯಲ್ಲಿ ಕೆಂಪಸಿದ್ದಯ್ಯ ಕೂರುತ್ತಿದ್ದ. ಹೆಂಗಸರು ಅಲ್ಲಿ ಕೂರುವುದು ಬೇಡ ಎಂದು.

*

ಕೇರಿಯವರು ಮಣ್ಣು ಮಾಡಿ ಬಂದ ಮೇಲೆ ಚಲುವರಾಜು ಕೇರಿಗೆ ಬಂದ. ಒಳಗೆ ಬರಲಿಲ್ಲ. ಕೇರಿಯ ಬಾಯಲ್ಲೇ, ಹುಣಸೆ ಮರದ ನೆರಳಲ್ಲಿ ನಿಂತ. ಅವನ ಆಳು ಒಂದು ಮೂಟೆ ರಾಗಿ ತಂದು ಕೆಳಗಿಟ್ಟ.

"ಬೆಳ್ಳೀ, ಆದದ್ದಾಯ್ತು. ಸಿದ್ದ ನಮ್ಮನೆ ಮಗ ಇದ್ದಂಗಿದ್ದ. ಏನ್ಮಾಡಾನ? ಎಂಡ ಕುಡ್ದು ತೂಕಡ್ಸ್ಕೊಂಡು ಬಿದ್ದ. ನಾವು ಮುಂದ್ಗಡೆ ಇದ್ವು. ಇಂಜಿನ್ ಸದ್ದಲ್ಲಿ ಏನೂ ಕೇಳುಸ್ನಿಲ್ಲ. ಕೇಳುಸಿದ್ರೆ ನಿಲ್ಸ್‌ತಿರ್ಲಿಲ್ವಾ?"

ಬೆಳ್ಳಮ್ಮ ರಾಗಿ ಮೂಟೆ ನೋಡಿದಳು. ಈ ಮನುಷ್ಯ ಯಾವತ್ತೂ ಏನನ್ನೂ ಕೊಟ್ಟವನಲ್ಲ. ಕಬ್ಬಿನ ಕೂಳೆ ಚುಚ್ಚಿ ಕಾಲು ಊದಿದಾಗ ಅರ್ಧ ದಿನದ ಕೂಲಿ ಹಿಡಿದವನು. ಈಗ ರಾಗಿ ತಂದಿದ್ದಾನೆ. ಕೇಳದೆ ತಂದಿದ್ದಾನೆ. ಕೇಳಿಸಲಿಲ್ಲ ಎಂಬುದನ್ನೂ ಕೇಳದೆ ಹೇಳುತ್ತಿದ್ದಾನೆ. ಏನು ಕೇಳಿಸಲಿಲ್ಲ ಇವನಿಗೆ?

"ಅವತ್ತು ಸ್ವಾಮಾರ ಬುದ್ದಿ" ಎಂದಳು.

"ಅದಕ್ಕೆ?"

"ಸ್ವಾಮಾರ ಅವನು ಎಂಡ ಮುಟ್ತಿರ್ನಿಲ್ಲ. ಮಾದಪ್ಪನ ವಾರ."

ಚಲುವರಾಜು ದೇವಯ್ಯನ ಕಡೆ ತಿರುಗಿದ. "ಏನ್ಲಾ ದೇವ, ನೀನು ಜತೇಲೇ ಇದ್ದೆಯಲ್ಲ. ಏಳ್ಲಾ ನಿಮ್ಮ ಅತ್ತಿಗೆಗೆ. ಕುಡ್ದಿದ್ನೋ ಇಲ್ವೋ?"

ದೇವಯ್ಯ ನೆಲ ನೋಡುತ್ತ, "ಊ... ಕುಡ್ದಿದ್ದ" ಎಂದ.

ಬೆಳ್ಳಮ್ಮ ಅವನನ್ನೇ ನೋಡಿದಳು. ಒಡಹುಟ್ಟಿದವನು. ಒಂದೇ ತಟ್ಟೆಯಲ್ಲಿ ಉಂಡವನು.

ಚಲುವರಾಜು ಹೊರಡುವಾಗ, "ನಾಡಿದ್ದಿಂದ ದೇವ ನಮ್ಮ ಲಾರಿಗೆ ಕ್ಲೀನರು ಕಣಮ್ಮಿ. ನಿಂಗೂ ಒಂದು ಆಸರೆ ಆಯ್ತದೆ" ಎಂದು ಹೇಳಿ ಹೋದ.

ಅಲ್ಲಿಂದ ಆ ಗುಡಿಸಲಲ್ಲಿ ಮಾತು ನಿಂತಿತು. ದೇವಯ್ಯ ಮುದ್ದೆ ನುಂಗುವಾಗ ಬೆಳ್ಳಮ್ಮ ಅವನ ಕೈಗಳನ್ನು ನೋಡುತ್ತಿದ್ದಳು. ಅವನು ಮಲಗಿದಾಗ ಬಾಗಿಲ ಹತ್ತಿರ ಕೂತು ಅವನ ಬೆನ್ನನ್ನು ನೋಡುತ್ತಿದ್ದಳು. ಅವನು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ. ಕಬ್ಬು ಕಡಿಯುವ ಕುಡುಗೋಲು ಸೂರಿಗೆ ಸಿಕ್ಕಿಸಿತ್ತು. ಅಣ್ಣ ಸತ್ತ ದಿನದಿಂದ ಅವನು ಅದನ್ನು ಮುಟ್ಟಿರಲಿಲ್ಲ. ಕ್ಲೀನರಿಗೆ ಕುಡುಗೋಲು ಬೇಡ ನಿಜ. ಆದರೆ ಅದರ ಕೆಳಗೆ ಹಾದುಹೋಗುವಾಗಲೂ ಅವನು ತಲೆ ಬೇರೆ ಕಡೆ ತಿರುಗಿಸುತ್ತಿದ್ದ. ಯಾಕೆ?

ಪಟ್ಟಲಮ್ಮನನ್ನು ಕೇಳೋಣ ಎಂದು ಹೋದರೆ ಅವಳು ಗುಡಿಸಲ ಬಾಗಿಲು ಎಳೆದುಕೊಂಡಳು. ಬೆಳ್ಳಮ್ಮ ತಡಿಕೆ ತಳ್ಳಿಕೊಂಡೇ ಒಳಗೆ ಹೋದಳು.

"ಅಕ್ಕ, ಅವನ ಬೆನ್ನು ನೀನೂ ನೋಡ್ದೆ. ಎಂಗಾಯ್ತು ಅದು?"

"ನಂಗೇನು ಗೊತ್ತು ಕಣವ್ವ. ನಾನು ಆ ಕೊನೇಲಿ ಕುಂತಿದ್ದೆ. ತಟಕ್ ಅಂತ ಹಲಗೆ ಕುಸೀತು. ಹಿಂಬಾಗಿಲು ಇಡ್ಕೊಂಡು ನೇತಾಡ್ದೆ. ಅಷ್ಟೇಯ."

"ಕೂಗ್ಲಿಲ್ವಾ?"

"ಕೂಗ್ದೋ. ಯಾಕೆ ಕೂಗಾಕಿಲ್ಲ!" ಎಂದವಳು ತಕ್ಷಣ ಬಾಯಿ ಮುಚ್ಚಿಕೊಂಡಳು. ಆಮೇಲೆ ಧ್ವನಿ ಇಳಿಸಿ, "ಕೇಳುಸ್ನಿಲ್ವಂತೆ ಕಣವ್ವ ಅವರ್ಗೆ. ಬುಟ್ಬುಡು. ನಮ್ಮ ಗುಡ್ಲು ಇರಾದು ಅವರ ಜಾಗ್ದಾಗೆ. ಬುಟ್ಬುಡು ಬೆಳ್ಳೀ" ಎಂದು ಕಾಲು ಹಿಡಿಯಲು ಬಂದಳು.

ಬೆಳ್ಳಮ್ಮ ಎದ್ದು ಬಂದಳು. ರಾಗಿ ಮೂಟೆ ಬಾಗಿಲಲ್ಲೇ ಇತ್ತು. ಅವಳು ಅದನ್ನು ಬಿಚ್ಚಿರಲಿಲ್ಲ. ಆ ವಾರವೆಲ್ಲ ಸೊಪ್ಪು ಬೇಯಿಸಿ ತಿಂದಳು.

*

ತಿಥಿ ಮುಗಿದ ಮೇಲೆ ಲಾರಿ ಮತ್ತೆ ಕೇರಿಗೆ ಬಂತು. ಹೊತ್ತು ಆಗತಾನೇ ಏರುತ್ತಿತ್ತು. ಗದ್ದೆ ಬಯಲಿನಲ್ಲಿ ಕಡಿದು ಹಾಕಿದ್ದ ಕಬ್ಬು ಬಿಸಿಲಿಗೆ ಒಣಗುತ್ತಿತ್ತು. ತುಂಬಬೇಕಿತ್ತು.

ಹಿಂದೆ ಹೊಸ ಹಲಗೆ ಹಾಕಿದ್ದರು. ಹಸಿ ಮರದ ವಾಸನೆ. ಕೆಳಗಿನ ತೋಳುಗಳಿಗೆ ಹೊಸದಾಗಿ ಟಾರು ಬಳಿದಿತ್ತು. ಕೊಂಡಿಗೆ ಹೊಸ ಹಗ್ಗ ಕಟ್ಟಿತ್ತು.

ಚಲುವರಾಜು ಇಳಿದು, "ನೋಡ್ರೋ, ನಿಮಗೋಸ್ಕರ ಒಸಾ ಸೀಟು ಮಾಡ್ಸಿವ್ನಿ. ಅತ್ಕೊಳ್ಳಿ, ಬೇಗ" ಎಂದ. ಇಂಜಿನ್ನು ನಿಲ್ಲಿಸಬೇಡವೆಂದು ಸಣ್ಣಯ್ಯನಿಗೆ ಹೇಳಿ, ಹೊಲದ ಬದುವಿನಲ್ಲಿ ನಿಂತಿದ್ದ ಕಬ್ಬಿನ ಒಡೆಯನ ಹತ್ತಿರ ಮಾತಾಡಲು ಹೋದ. ಸಣ್ಣಯ್ಯ ಹಿಂದಕ್ಕೆ ಬಂದು ಡ್ರಮ್ಮಿನ ಇದ್ದಿಲು ಕೆದಕುತ್ತ ನಿಂತ. ದೇವಯ್ಯ ಅವನ ಪಕ್ಕದಲ್ಲಿ ಇದ್ದಿಲು ಬುಟ್ಟಿ ಹಿಡಿದಿದ್ದ.

ಹೆಂಗಸರು ಹಲಗೆಯ ಕಡೆ ನಡೆದರು. ಬೆಳ್ಳಮ್ಮ ನಡೆಯಲಿಲ್ಲ. ಬಗ್ಗಿ ಹಲಗೆಯ ಕೆಳಗೆ ನೋಡಿದಳು. ಮುರಿದ ಬಲಗಡೆಯ ತೋಳು ಮಾತ್ರ ಹೊಸದು, ಎಡಗಡೆಯದು ಹಳೆಯದೇ. ಬೋಲ್ಟು ಹಳೆಯದೇ. ಕೈಹಾಕಿ ಅಲ್ಲಾಡಿಸಿದಳು. ಅಲ್ಲಾಡಿತು. ಹಗ್ಗ ಮಾತ್ರ ಗಟ್ಟಿಯಾಗಿತ್ತು.

"ಸಣ್ಣಯ್ಯನೋರೇ" ಎಂದಳು. "ಸೀಟು ಗಟ್ಟಿ ಇದ್ರೆ ಹಗ್ಗ ಯಾಕೆ?"

"ನಂಗ್ಯಾಕಮ್ಮ ಅದೆಲ್ಲ? ಕುಂತ್ಕೋ ಅಂದ್ರೆ ಕುಂತ್ಕೋ."

ಬೆಳ್ಳಮ್ಮ ಲಾರಿಯ ಪಕ್ಕದಿಂದ ಮುಂದಕ್ಕೆ ನಡೆದಳು. ಬಾಗಿಲು ತೆರೆದೇ ಇತ್ತು. ಚರ್ಮದ ಸೀಟು ಖಾಲಿ. ಅವಳು ಒಮ್ಮೆ ಹೊಲದ ಕಡೆ ನೋಡಿದಳು. ಕಾಲೆತ್ತಿ ಮೆಟ್ಟಿಲ ಮೇಲಿಟ್ಟಳು. ಹತ್ತಿದಳು. ಚಲುವರಾಜು ಕೂರುವ ಜಾಗದಲ್ಲಿ ಕೂತಳು.

ಸೀಟು ಮೆತ್ತಗೆ ಕುಸಿದು ಮತ್ತೆ ಮೇಲೆ ಎತ್ತಿತು. ಕೆಳಗೆ ಇಂಜಿನ್ನು ಗಡಗಡ ನಡುಗುತ್ತಿತ್ತು. ಸೀಟೂ ನಡುಗುತ್ತಿತ್ತು. ಅವಳು ಬಾಗಿಲಿಂದ ತಲೆ ಹೊರಗೆ ಹಾಕಿ ಕೂಗಿದಳು.

"ಪಟ್ಟಲಕ್ಕ! ಹಲಗೆ ಹತ್ರ ನಿಂತ್ಕೋ. ಅವತ್ತು ಕೂಗ್ದೆಯಲ್ಲ, ಅಂಗೆ ಕೂಗು!"

ಸಣ್ಣಯ್ಯನ ಕೈಯ ಕಬ್ಬಿಣದ ಸಲಾಕೆ ಕೆಳಗೆ ಬಿತ್ತು. "ಏಯ್, ಇಳಿಯೇ! ಎಲ್ ಕುಂತಿದ್ದೀಯೇ! ನನ್ನ ಕೆಲ್ಸ ಓಯ್ತದೆ ಕಣೇ, ಇಳಿಯೇ!"

"ಕೂಗಕ್ಕ!"

ಪಟ್ಟಲಮ್ಮ ಸಣ್ಣ ದನಿಯಲ್ಲಿ "ನಿಲ್ಸಿ..." ಎಂದಳು. ತಂತಿ ಬಲೆಯ ಮೂಲಕ ಅದು ಬೆಳ್ಳಮ್ಮನ ಕಿವಿಗೆ ಬಂತು. ಬಾಡಿ ಖಾಲಿ ಇತ್ತು. ಮಧ್ಯೆ ಏನೂ ಅಡ್ಡ ಇರಲಿಲ್ಲ. ಅಷ್ಟು ಸಣ್ಣ ದನಿಯೂ ಬಂತು.

"ಅಂಗಲ್ಲ. ಅವತ್ತು ಅಕ್ಕಿ ಮೂಟೆ ಇದ್ವು. ಏರು ಇತ್ತು. ಸದ್ದು ಜೋರಿತ್ತು. ಅವತ್ತಿನಂಗೆ ಕೂಗು!"

ಪಟ್ಟಲಮ್ಮ ಹಲಗೆ ಹಿಡಿದುಕೊಂಡಳು. ಬಾಯಿ ತೆರೆಯಿತು. ಅಷ್ಟು ದಿನ ಸೆರಗು ತುರುಕಿ ಮುಚ್ಚಿದ್ದೆಲ್ಲ ಒಂದೇ ಸಲ ಹೊರಗೆ ಬಂತು.

"ನಿಲ್ಸೀ! ಬುದ್ದೀ, ನಿಲ್ಸೀ! ಸಿದ್ದ ಬಿದ್ದವ್ನೆ! ಹಗ್ಗದಾಗೆ ಎಳ್ಕೊಂಡು ಬತ್ತಾವ್ನೆ! ನಿಲ್ಸ್ರಪ್ಪೋ! ನಿಮ್ಮ ದಮ್ಮಯ್ಯ ನಿಲ್ಸೀ!"

ಹೊಲದ ಬದುವಿನಲ್ಲಿ ನಿಂತವರೂ ತಿರುಗಿ ನೋಡಿದರು. ಅಷ್ಟು ದೂರಕ್ಕೂ ಕೇಳಿಸಿತ್ತು.

ಬೆಳ್ಳಮ್ಮ ಸೀಟಿನಲ್ಲಿ ಕಣ್ಣು ಮುಚ್ಚಿದಳು. ಎಳೆದುಕೊಂಡು ಬಂದರು. ಅದು ಬೆನ್ನು ಸುಲಿದ ಕತೆ. ಅವನು ಹಗ್ಗದಲ್ಲಿ, ರಸ್ತೆಯ ಮೇಲೆ, ಜಲ್ಲಿಯ ಮೇಲೆ. ಇಲ್ಲಿ, ಈ ಮೆತ್ತನೆಯ ಸೀಟಿನಲ್ಲಿ, ಆ ಮನುಷ್ಯ.

ಪಟ್ಟಲಮ್ಮ ನಿಲ್ಲಿಸಲಿಲ್ಲ. ಈಗ ಅವಳು ಯಾರಿಗೂ ಹೆದರುತ್ತಿರಲಿಲ್ಲ. "ತಿರುಗಿ ನೋಡ್ದ ಕಣವ್ವ! ಆ ಬಲೇಲಿ ತಿರುಗಿ ನೋಡ್ದ! ನನ್ನ ಕಣ್ಣು ಅವನ ಕಣ್ಣು ಸೇರ್ತು. ಆಮೇಲೆ ಮುಂದಕ್ಕೆ ತಿರುಕ್ಕೊಂಡ. ಏನೋ ಏಳ್ದ ಡ್ರೈವರ್ಗೆ. ಲಾರಿ ನಿಲ್ನಿಲ್ಲ!"

ಎಲ್ಲರ ಕಣ್ಣೂ ಸಣ್ಣಯ್ಯನ ಕಡೆ ತಿರುಗಿದವು.

"ನಾನೇನ್ಮಾಡ್ಲಿ?" ಎಂದ ಸಣ್ಣಯ್ಯ. ಅವನ ಮುಖ ಇದ್ದಿಲಾಗಿತ್ತು. "ಏರ್ನಾಗೆ ನಿಂತ್ರೆ ಮತ್ತೆ ಒರಡಾಕಿಲ್ಲ, ಮ್ಯಾಲಕ್ಕೆ ಓಗಿ ನಿಲ್ಸು ಅಂದ್ರು. ನಾನು ಕೂಲಿಯಾಳು."

ಆಗ ದೇವಯ್ಯ ಇದ್ದಿಲು ಬುಟ್ಟಿ ಕೆಳಗಿಟ್ಟ. ಅವನು ಓಡಿ ಬಂದು ಲಾರಿಯ ಮೆಟ್ಟಿಲ ಹತ್ತಿರ ಕೂತ.

"ನಾನೇ ಅತ್ಗೆ. ನಾನೇ ಕುಯ್ದೆ."

"ಏನ್ಲಾ ಕುಯ್ದೆ?"

"ಹಗ್ಗ. ಅಣ್ಣ 'ಕುಯ್ಲಾ ದೇವ, ಕುಯ್ಲಾ' ಅಂತ ಕೂಗ್ತಿದ್ದ. ಕೈಯಾಗೆ ಕುಡ್ಲು ಇತ್ತು. ಹಲಗೆ ವಾಲಿತ್ತು, ಕೈ ಎಟುಕ್ತಿರ್ನಿಲ್ಲ. ಎಟುಕೋ ಒತ್ಗೆ ಅಣ್ಣ ಕೂಗಾದ್ನ ನಿಲ್ಸಿದ್ದ. ಕುಯ್ದೆ. ಉಳ್ಳಾಡ್ಕೊಂಡೋಗಿ ಮೋರಿ ಕಲ್ಗೆ ತಲೆ ಒಡ್ಕೊಂಡ." ಅವನು ಉಸಿರೆಳೆದುಕೊಂಡ. "ಲಾರಿ ದಿಬ್ಬದ ಮ್ಯಾಕೆ ನಿಂತ ಮ್ಯಾಲೆ ಬುದ್ದಿಯೋರು ಇಳುದ್ ಬಂದ್ರು. ಅಣ್ಣನ್ನ ನೋಡ್ನಿಲ್ಲ. 'ಹಗ್ಗ ಕುಯ್ದೋನು ಯಾರು' ಅಂದ್ರು. 'ನೀನೇ ಕೊಂದೋನು ಕಣ್ಲಾ, ಬಾಯ್ಬುಟ್ರೆ ನಿಂಗೆ ಜೈಲು' ಅಂದ್ರು. ಕುಡ್ದಿದ್ದ ಅಂತ ಏಳು ಅಂದ್ರು."

ಇಷ್ಟು ದಿನ ಈ ಹುಡುಗನ ಕೈಗಳನ್ನು ಬೆಳ್ಳಮ್ಮ ಕಳ್ಳನ ಕೈ ನೋಡಿದ ಹಾಗೆ ನೋಡಿದ್ದಳು. ಅವಳು ಸೀಟಿನಿಂದ ಬಗ್ಗಿ ಅವನ ತಲೆಯ ಮೇಲೆ ಕೈಯಿಟ್ಟಳು.

"ಬುಡು ದೇವ. ನೀನು ಬಿಡಿಸ್ದೆ ಕಣ್ಲಾ. ಕೊಂದೋನು ಬೇರೆ ಅವ್ನೆ."

ಅಷ್ಟರಲ್ಲಿ ಚಲುವರಾಜು ಬಂದ. ಓಡಿ ಬಂದಿದ್ದ. ಉಸಿರು ಹತ್ತಿತ್ತು. ಕೂಗಿದ್ದೇನು, ಹೇಳಿದ್ದೇನು, ಎಲ್ಲ ಅವನಿಗೆ ಕೇಳಿಸಿತ್ತು. ಆದರೆ ಅವನ ಕಣ್ಣಿಗೆ ಬಿದ್ದದ್ದು ಬೆಳ್ಳಮ್ಮ ಕೂತಿದ್ದ ಸೀಟು ಮಾತ್ರ.

"ಹೊಲತೀ! ಇಳಿಯೇ ಕೆಳಕ್ಕೆ!"

"ಇಳೀತೀನಿ ಬುದ್ದಿ. ಒಂದು ಮಾತು. ಒಸಾ ಸೀಟು ಮಾಡ್ಸಿವ್ನಿ ಅಂದ್ರಲ್ಲ. ನೀವು ಅದ್ರ ಮ್ಯಾಲೆ ಕುಂತ್ಕೊಂಡು ದಿಬ್ಬದ ತನಕ ಓಗಿ ಬನ್ನಿ. ಆ ಹಗ್ಗ ಸೊಂಟಕ್ಕೆ ಕಟ್ಕೊಂಡು. ನೀವು ಓಗಿ ಬಂದ್ರೆ ನಾನೂ ಕುಂತ್ಕೋತೀನಿ."

ಅವನು ಅವಳ ಜುಟ್ಟು ಹಿಡಿದು ಎಳೆದ. ಅವಳು ಮೆಟ್ಟಿಲಿಗೆ ಬಡಿದುಕೊಂಡು ನೆಲಕ್ಕೆ ಬಿದ್ದಳು. ಊದಿದ್ದ ಕಾಲು ಮತ್ತೆ ಒಡೆದು ರಕ್ತ ಬಂತು. ಅವನು ಒದೆಯಲು ಕಾಲೆತ್ತಿದ. ದೇವಯ್ಯ ನಡುವೆ ಬಂದು ನಿಂತ. ಕೈ ಎತ್ತಲಿಲ್ಲ. ಸುಮ್ಮನೆ ನಿಂತ. ಪಟ್ಟಲಮ್ಮ ಬಂದು ಪಕ್ಕದಲ್ಲಿ ನಿಂತಳು. ಉಳಿದ ಹೆಂಗಸರು ಬಂದರು. ಚಲುವರಾಜು ಎತ್ತಿದ ಕಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಕೆಳಗಿಟ್ಟ.

ಬೆಳ್ಳಮ್ಮ ಎದ್ದಳು. ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಾವು ಕುಂತ್ಕೊಳಾಕಿಲ್ಲ" ಎಂದಳು.

*

ಅವತ್ತೇ ಅವರು ಠಾಣೆಗೆ ನಡೆದರು. ದೇವಯ್ಯ ದಫೇದಾರನ ಮುಂದೆ ನಿಂತು ಮೊದಲು ಹೇಳಿದ್ದು, ಹಗ್ಗ ಕುಯ್ದವನು ನಾನು, ಹಾಕುವುದಾದರೆ ಜೈಲಿಗೆ ಹಾಕಿ ಎಂದು. ದಫೇದಾರ ನಕ್ಕ. ಹಗ್ಗ ಕುಯ್ದವನಿಗೆ ಯಾರಯ್ಯ ಜೈಲು ಅಂದದ್ದು ಎಂದು ಕೇಳಿದ. ಆಮೇಲೆ ಯಾರು ಅಂದದ್ದೆಂದು ಗೊತ್ತಾದಾಗ ನಗು ನಿಲ್ಲಿಸಿದ. ಪಟೇಲರ ಮನೆಯವರ ಮೇಲೆ ದೂರು ಹೇಳುವುದಾದರೆ ಸಾಕ್ಷಿ ಬೇಕು ಎಂದ. ಪಟ್ಟಲಮ್ಮ "ನಾನು ನೋಡ್ದೆ" ಎಂದಳು. ಹಾಗಲ್ಲ, ಬೇರೆಯವರು ಬೇಕು ಎಂದ. ಬೇರೆಯವರು ಅಂದರೆ ಯಾರು ಎಂದು ಅವನೂ ಬಿಡಿಸಿ ಹೇಳಲಿಲ್ಲ, ಇವರೂ ಕೇಳಲಿಲ್ಲ. ಗೊತ್ತಿತ್ತು.

ಚಲುವರಾಜು ಸೀಟಿನ ಚರ್ಮ ಕೀಳಿಸಿದ. ಗಂಜಲ ಹಾಕಿ ತೊಳೆಸಿದ. ಪಟ್ಟಲಮ್ಮನ ಗುಡಿಸಲು ಕೀಳಿಸುತ್ತೇನೆ ಎಂದು ಹೇಳಿಕಳಿಸಿದ. ಆದರೆ ಹೊಲದಲ್ಲಿ ಕಬ್ಬು ಬಿದ್ದಿತ್ತು. ಬಿಸಿಲಿಗೆ ದಿನದಿನಕ್ಕೆ ಹಗುರಾಗುತ್ತಿತ್ತು. ಕಬ್ಬಿನ ಒಡೆಯರು ಅವನ ಜಗಲಿಗೆ ಬಂದು ಕೂಗಾಡಿದರು. ಅವನು ಮಳವಳ್ಳಿ ಕಡೆಯಿಂದ ಆಳು ಕರೆತಂದ. ಅವರೂ ಇಂಥದೇ ಕೇರಿಗಳವರು. ಬೆಳ್ಳಮ್ಮ ಒಡೆದ ಕಾಲನ್ನು ಎಳೆದುಕೊಂಡು ಹೋಗಿ ಲಾರಿಗೆ ಅಡ್ಡ ನಿಂತು, ಹಲಗೆಯ ಮೇಲಿದ್ದವರಿಗೆ ಗಂಡನ ಬೆನ್ನಿನ ಕತೆ ಹೇಳಿದಳು. ಕೆಳಗೆ ಇಣುಕಿ ನೋಡಿ ಎಂದಳು. ಅವರು ಇಳಿದು ಇಣುಕಿ ನೋಡಿದರು. ಮತ್ತೆ ಹತ್ತಲಿಲ್ಲ.

ಕಡೆಗೆ ಚಲುವರಾಜು ಹಲಗೆ ಕೀಳಿಸಿದ. ತಾನಾಗಿ ಬಂದು ಹೇಳಲಿಲ್ಲ. ಸಣ್ಣಯ್ಯನಿಂದ ಹೇಳಿಸಿದ. ಬಾಡಿಯ ಒಳಗೆ ಕೂರಬಹುದು, ಅಕ್ಕಿ ಮೂಟೆಗೆ ಬೇರೆ ಗಾಡಿ ಎಂದು. ಮೂಟೆಯ ಪಕ್ಕ ಅಂತೂ ಕೂರಿಸಲಿಲ್ಲ. ಬೆಳ್ಳಮ್ಮ ಬಾಗಿಲಲ್ಲಿದ್ದ ರಾಗಿ ಮೂಟೆಯನ್ನು ದೇವಯ್ಯನ ತಲೆಗೆ ಹೊರಿಸಿ, ಲಾರಿಯ ಮುಂದೆ ಇಳಿಸಿದಳು. ಸಣ್ಣಯ್ಯ ಅದನ್ನು ಮುಟ್ಟಲಿಲ್ಲ. ಅದು ಅಲ್ಲೇ ಇತ್ತು. ಮಳೆಗೆ ಮೊಳಕೆ ಬಂತೆಂದು ಆಮೇಲೆ ಜನ ಹೇಳಿದರು.

ಮೊದಲ ದಿನ ಎಲ್ಲರೂ ಬಾಡಿಯೊಳಗೆ ಕೂತರು. ಪಟ್ಟಲಮ್ಮ ಪಕ್ಕದ ಮರವನ್ನು ಸವರಿ ಸವರಿ ನೋಡಿದಳು. ದೇವಯ್ಯ ಕ್ಲೀನರ್ ಕೆಲಸ ಬಿಟ್ಟು ಮತ್ತೆ ಕುಡುಗೋಲು ಹಿಡಿದಿದ್ದ. ಬೆಳ್ಳಮ್ಮ ಕೂರಲಿಲ್ಲ. ಹತ್ತುವ ಮೊದಲು ಬಾಡಿಯ ಒಂದೊಂದು ಬೋಲ್ಟನ್ನೂ ಕೈಯಿಂದ ಅಲ್ಲಾಡಿಸಿದಳು. ಆಮೇಲೆ ಹತ್ತಿ, ಮುಂದಿನ ತಂತಿ ಬಲೆ ಹಿಡಿದು ನಿಂತಳು. ಬಲೆಯ ಆ ಕಡೆ ಚಲುವರಾಜುವಿನ ಕತ್ತು ಕಾಣುತ್ತಿತ್ತು. ಅವನು ತಿರುಗಲಿಲ್ಲ.

ಸಂಜೆ ಮಂಡ್ಯದಿಂದ ಖಾಲಿ ಲಾರಿ ವಾಪಸ್ ಬಂತು. ಮದ್ದೂರು ದಾಟಿತು. ಬೆಸಗರಹಳ್ಳಿ ದಾರಿಗೆ ತಿರುಗಿತು. ದಿಬ್ಬ ಬಂತು. ಲಾರಿ ಏದುಸಿರು ಬಿಡುತ್ತ ಏರತೊಡಗಿತು. ಅರ್ಧ ಏರಿರಬೇಕು, ಮೋರಿ ಕಲ್ಲು ಹತ್ತಿರ ಬಂದಿತ್ತು. ಬೆಳ್ಳಮ್ಮ ಬಲೆಗೆ ಬಾಯಿಟ್ಟು ಕೂಗಿದಳು.

"ನಿಲ್ಸಿ!"

ಸಣ್ಣಯ್ಯ ಬ್ರೇಕು ಒತ್ತಿದ. ಚಲುವರಾಜುವಿನ ಮುಖ ನೋಡಲಿಲ್ಲ, ಅಪ್ಪಣೆ ಕೇಳಲಿಲ್ಲ. ಒತ್ತಿದ. ಲಾರಿ ಜಗ್ಗಿ ನಿಂತಿತು. ಇಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು. ದೇವಯ್ಯ ಹಾರಿ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು ಮತ್ತೆ ಬಾಡಿ ಹತ್ತಿದ.

ಚಲುವರಾಜು ಬಾಗಿಲು ತೆರೆದು ಧೂಳಿಗೆ ಇಳಿದ. "ಏನಾಯ್ತೇ? ಯಾರು ಬಿದ್ರು?"

"ಯಾರೂ ಬಿದ್ದಿಲ್ಲ" ಎಂದಳು ಬೆಳ್ಳಮ್ಮ.

"ಮತ್ಯಾಕೆ ಕೂಗ್ದೆ?"

"ನಿಲ್ತದಾ ಇಲ್ವಾ ಅಂತ ನೋಡ್ದೆ."

ಅವನು ಒಂದು ಹೆಜ್ಜೆ ಮುಂದಿಟ್ಟ. ಕೈ ಮುಷ್ಟಿಯಾಯಿತು. ಬಾಡಿಯೊಳಗಿನ ಜನ ಎಲ್ಲ ಎದ್ದು ನಿಂತು ಅವನನ್ನೇ ನೋಡುತ್ತಿದ್ದರು. ಸಣ್ಣಯ್ಯ ಗಾಳಿಚಕ್ರದ ಹಿಡಿ ತಿರುಗಿಸತೊಡಗಿದ. ಅವನೊಬ್ಬನ ಕೈಯಲ್ಲಿ ಬೆಂಕಿ ಏಳಲಿಲ್ಲ. ಕೇರಿಯವರು ಯಾರೂ ಇಳಿಯಲಿಲ್ಲ. ಸಣ್ಣಯ್ಯ ಸುಸ್ತಾಗಿ ಹಿಡಿ ಬಿಟ್ಟು ದೂರ ನಿಂತ. ಬಿಸಿಲು ಇಳಿಯುತ್ತಿತ್ತು. ಕಡೆಗೆ ಚಲುವರಾಜು ಪಂಚೆ ಎತ್ತಿ ಕಟ್ಟಿ, ಡ್ರಮ್ಮಿನ ಹತ್ತಿರ ಹೋಗಿ, ಹಿಡಿ ಹಿಡಿದು ತಿರುಗಿಸತೊಡಗಿದ. ಇದ್ದಿಲಿನ ಹೊಗೆ ಮುಖಕ್ಕೆ ಬಡಿಯಿತು. ಕೆಮ್ಮಿದ. ಬೆವರು ಕಪ್ಪಾಗಿ ಕತ್ತಿನಿಂದ ಇಳಿಯಿತು.

ಇಂಜಿನ್ನು ಹೊತ್ತಿಕೊಂಡಾಗ ಅವನು ಬೆಳ್ಳಮ್ಮನ ಕಡೆ ನೋಡದೆ ಕೇಳಿದ:

"ಈಗ ನಂಬಿಕೆ ಬಂತಾ?"

"ಇಲ್ಲ" ಎಂದಳು ಬೆಳ್ಳಮ್ಮ. "ನಾಳೀಕೂ ಕೂಗ್ತೀನಿ."